ಮೊದಲು ಕೇಳು, ಆಮೇಲೆ ಬದಲಿಸು: ಮ್ಯಾಕ್‌ಗಳ ಮೇಲೆ ಆನ್ಸಿಬಲ್

ಅನಿಮೇಷನ್ ಸ್ಟುಡಿಯೊ ಒಂದರ ಮ್ಯಾಕ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ರಾತ್ರಿ ರೆಂಡರ್‌ಗೆ ಬಿಟ್ಟ ಯಂತ್ರ ಸ್ಲೀಪ್‌ಗೆ ಹೋಗಬಾರದು, ಯಂತ್ರಗಳ ಹೆಸರು ಒಂದು ಕ್ರಮದಲ್ಲಿರಬೇಕು, ಸ್ಕ್ರೀನ್‌ಸೇವರ್ ಎಲ್ಲ ಕಡೆ ಒಂದೇ ಹೊತ್ತಿಗೆ ಬರಬೇಕು. ಲಿನಕ್ಸ್‌ನಲ್ಲಾದರೆ ಇಂಥವು ಬಹುಪಾಲು ಪಠ್ಯದ ಫೈಲುಗಳಲ್ಲೇ ಇರುತ್ತವೆ. ಟೆಂಪ್ಲೇಟ್ ಕಳಿಸಿದರೆ ಆಯಿತು. ಮ್ಯಾಕ್‌ನಲ್ಲಿ ಸ್ಲೀಪ್‌ಗೆ ಪಿಎಂಸೆಟ್, ಹೆಸರಿಗೆ ಎಸ್‌ಸಿಯುಟಿಲ್, ಆ್ಯಪ್‌ಗಳ ಸೆಟ್ಟಿಂಗ್‌ಗೆ ಡಿಫಾಲ್ಟ್ಸ್, ಹೀಗೆ ಒಂದೊಂದಕ್ಕೂ ಒಂದೊಂದು ಕಮಾಂಡ್. ಸೆಟ್ಟಿಂಗ್ ಕೂತಿರುವ ಪ್ಲಿಸ್ಟ್ ಫೈಲನ್ನೇ ತಿದ್ದೋಣವೆಂದರೆ ಸಿಎಫ್‌ಪ್ರೆಫ್ಸ್‌ಡಿ ಎಂಬ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಹಳೆಯದನ್ನೇ ಕ್ಯಾಶ್‌ನಲ್ಲಿ ಹಿಡಿದುಕೊಂಡು ಕೂತಿರುತ್ತದೆ.

ಒಂದೆಡೆ ಕೂತು ಹಲವು ಯಂತ್ರಗಳ ಸೆಟ್ಟಿಂಗ್ ಹೊಂದಿಸಲು ಆನ್ಸಿಬಲ್ ಎಂಬ ಉಪಕರಣ ಹಿಡಿದೆ; ಪ್ರತಿ ಯಂತ್ರದಲ್ಲೂ ಅದರದೇ ಏಜೆಂಟ್ ಪ್ರೋಗ್ರಾಂ ಕೂರಿಸುವುದು ಬೇಡ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಾಕು ಎಂಬುದೇ ಕಾರಣ. ಆದರೆ ಆ ಯಂತ್ರದಲ್ಲಿ ಪೈಥಾನ್ ಇರಬೇಕು. 2022ರಲ್ಲಿ ಬಂದ ಮ್ಯಾಕ್‌ಒಎಸ್ 12.3ರಿಂದ ಪೈಥಾನ್ 2 ಇಲ್ಲವಾದ್ದರಿಂದ ಎಕ್ಸ್‌ಕೋಡ್‌ನ ಕಮಾಂಡ್ ಲೈನ್ ಟೂಲ್ಸ್ ಮೊದಲು ಹಾಕುತ್ತೇನೆ, ಪೈಥಾನ್ 3 ಅದರೊಂದಿಗೇ ಬರುತ್ತದೆ.

ತೊಂದರೆ ಇರುವುದು, ಕೊಟ್ಟ ಕಮಾಂಡನ್ನು ಹಾಗೆಯೇ ಓಡಿಸುವ ಆನ್ಸಿಬಲ್‌ನ ಕಮಾಂಡ್ ಮಾಡ್ಯೂಲ್‌ನಲ್ಲಿ. ಒಳಗೆ ಏನು ನಡೆಯಿತೆಂದು ಅದಕ್ಕೆ ತಿಳಿಯದು. ಹಾಗಾಗಿ ಓಡಿಸಿದಾಗಲೆಲ್ಲ ‘ಚೇಂಜ್ಡ್’ ಎಂದೇ ವರದಿ. ಎಲ್ಲವೂ ಬದಲಾಯಿತು ಅನ್ನುವ ವರದಿಯನ್ನು ಓದಿ ಏನು ಮಾಡುವುದು? ಅದಕ್ಕೇ ಪ್ರತಿ ಸೆಟ್ಟಿಂಗಿಗೂ ಎರಡು ಟಾಸ್ಕ್ ಬರೆದೆ: ಮೊದಲನೆಯದು ಈಗಿನ ಸ್ಥಿತಿ ಕೇಳುತ್ತದೆ, ಎರಡನೆಯದು ಉತ್ತರ ಬೇರೆ ಬಂದರೆ ಮಾತ್ರ ಓಡುತ್ತದೆ. ಕೇಳುವ ಟಾಸ್ಕಿಗೆ ಚೇಂಜ್ಡ್-ವೆನ್ ಫಾಲ್ಸ್ (‘ಚೇಂಜ್ಡ್’ ಎನ್ನಬೇಡ ಎಂದರ್ಥ), ಚೆಕ್-ಮೋಡ್ ಕೂಡ ಫಾಲ್ಸ್. ಚೆಕ್-ಮೋಡ್ ಸಾಲನ್ನು ಬಿಟ್ಟರೆ ಡ್ರೈ ರನ್‌ನಲ್ಲಿ (ಏನನ್ನೂ ಬದಲಿಸದೆ ಪರೀಕ್ಷೆಗೆ ಓಡಿಸುವಾಗ) ಕೇಳುವ ಟಾಸ್ಕ್ ಓಡುವುದೇ ಇಲ್ಲ, ಉತ್ತರವಿಲ್ಲದೆ ಮುಂದಿನದು ಮುಗ್ಗರಿಸುತ್ತದೆ.

ಬದಲಿಸುವ ಕಮಾಂಡ್ ಮ್ಯಾನ್ ಪುಟದಲ್ಲಿ ಸಿಗುತ್ತದೆ. ಹೊತ್ತು ಹಿಡಿದದ್ದು ಕೇಳುವುದಕ್ಕೆ. ಪಿಎಂಸೆಟ್‌ಗೆ ಬರೀ ‘ಜಿ’ ಕೊಟ್ಟರೆ ಸದ್ಯ ಯಾವುದರಿಂದ ಕರೆಂಟ್ ಬರುತ್ತಿದೆಯೋ ಅದರ ಸೆಟ್ಟಿಂಗ್ ಮಾತ್ರ ಬರುತ್ತದೆ. ಬ್ಯಾಟರಿಯಲ್ಲಿರುವ ಲ್ಯಾಪ್‌ಟಾಪ್ ಕೊಡುವ ಉತ್ತರವೇ ಬೇರೆ, ಚಾರ್ಜರ್ ಹಾಕಿದ್ದರದೇ ಬೇರೆ. ಎರಡೂ ಒಟ್ಟಿಗೆ ಬೇಕಾದರೆ ಜೊತೆಗೆ ‘ಕಸ್ಟಮ್’ ಸೇರಿಸಬೇಕು. ಬರೀ ‘ಜಿ’ಯಲ್ಲಿ ಇನ್ನೊಂದು ತರಲೆ: ಸ್ಲೀಪ್ ಸಾಲಿನ ಕೊನೆಗೆ, ಇಂಥ ಪ್ರೋಗ್ರಾಂ ಸ್ಲೀಪ್ ತಡೆದಿದೆ ಎಂದು ಆವರಣದಲ್ಲಿ ಬಾಲ ಅಂಟಿಕೊಳ್ಳುತ್ತದೆ. ಇಡೀ ಸಾಲನ್ನು ಹೋಲಿಸಿದರೆ, ಯಾರೋ ಹಾಡು ಕೇಳುತ್ತಿದ್ದರೂ ಸೆಟ್ಟಿಂಗ್ ತಪ್ಪಿದೆ ಎಂದು ತೋರುತ್ತದೆ.

ಮ್ಯಾಕ್‌ಗೆ ಹೆಸರು ಒಂದಲ್ಲ, ಮೂರು: ಕಂಪ್ಯೂಟರ್‌ನೇಮ್, ಲೋಕಲ್‌ಹೋಸ್ಟ್‌ನೇಮ್, ಹೋಸ್ಟ್‌ನೇಮ್. ಮೊದಲನೆಯದರಲ್ಲಿ ಕನ್ನಡವೂ ಕೂರುತ್ತದೆ (ನಮ್ಮ ಕಲಾವಿದರು ಅದನ್ನು ಬೇಗ ಕಂಡುಕೊಂಡರು), ಎರಡನೆಯದಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ. ಕಲಾವಿದರು ಇಟ್ಟುಕೊಂಡದ್ದನ್ನು ನಾನು ಮುಟ್ಟುವುದಿಲ್ಲ, ಉಳಿದೆರಡನ್ನೇ ಕ್ರಮಕ್ಕೆ ತರುತ್ತೇನೆ. ಹೊಸ ಯಂತ್ರದಲ್ಲಿ ಹೋಸ್ಟ್‌ನೇಮ್ ಕೇಳಿದರೆ ‘ನಾಟ್ ಸೆಟ್’ ಎಂದು ಹೇಳಿ ಎಸ್‌ಸಿಯುಟಿಲ್ ಎರರ್ ಕೋಡ್ ಕೊಟ್ಟು ಹೊರಬೀಳುತ್ತದೆ, ಆನ್ಸಿಬಲ್ ಅಲ್ಲೇ ಕೈಚೆಲ್ಲುತ್ತದೆ. ಅದಕ್ಕೆ ಫೇಲ್ಡ್-ವೆನ್ ಫಾಲ್ಸ್ (ಎರರ್ ಬಂದರೂ ಸೋತಂತೆ ಎಣಿಸಬೇಡ) ಹಾಕಲೇಬೇಕು.

ಡಿಫಾಲ್ಟ್ಸ್‌ಗೆ ಟ್ರೂ ಎಂದು ಬರೆದರೆ ಓದುವಾಗ 1 ಎನ್ನುತ್ತದೆ. ಇಲ್ಲಿ ಕೈಯಾರೆ ಹೋಲಿಸುವ ಗೋಜೇ ಬೇಡ, ಒಎಸ್‌ಎಕ್ಸ್-ಡಿಫಾಲ್ಟ್ಸ್ ಮಾಡ್ಯೂಲ್ ಬಳಸಿ. ಆದರೆ ರೂಟ್ ಎಂಬ ಆಡಳಿತ ಖಾತೆಯಿಂದ ಓಡಿಸಿದರೆ ಬದಲಾಗುವುದು ರೂಟ್‌ನ ಡಾಕ್ (ಆ್ಯಪ್ ಐಕಾನ್‌ಗಳ ಪಟ್ಟಿ), ಕೂತು ಕೆಲಸ ಮಾಡುವವರದಲ್ಲ. ಯಾರ ಖಾತೆಯಲ್ಲಿ ಓಡಬೇಕೆಂದು ಹೇಳುವ ಬಿಕಮ್-ಯೂಸರ್‌ನಲ್ಲಿ ಆ ಬಳಕೆದಾರರ ಹೆಸರೇ ಇರಬೇಕು. ಸ್ಕ್ರೀನ್‌ಸೇವರ್ ಸಮಯಕ್ಕೆ, ಈ ಯಂತ್ರಕ್ಕೆ ಮಾತ್ರ ಎಂದು ಹೇಳುವ ಕರೆಂಟ್‌ಹೋಸ್ಟ್ ಕೂಡ ಬೇಕು.

ಆಟೊಮೇಷನ್‌ಗೆ ಸಿಗದ್ದು ರಿಮೋಟ್ ಲಾಗಿನ್, ಅಂದರೆ ಎಸ್‌ಎಸ್‌ಎಚ್‌ಗೆ ಬಾಗಿಲು ತೆರೆಯುವ ಸ್ವಿಚ್. ಸಿಸ್ಟಮ್‌ಸೆಟಪ್ ಕಮಾಂಡಿನಿಂದ ಅದನ್ನು ಆನ್ ಮಾಡಲು ಫುಲ್ ಡಿಸ್ಕ್ ಆ್ಯಕ್ಸೆಸ್ ಎಂಬ ಅನುಮತಿ ಬೇಕು; ಅದು ಆನ್ ಆಗದೆ ಆನ್ಸಿಬಲ್ ಒಳಗೇ ಬರುವಂತಿಲ್ಲ. ಹೊಸ ಯಂತ್ರ ಬಂದ ದಿನ ಅದರ ಮುಂದೆ ಕೂತು ಕೈಯಿಂದಲೇ ಒತ್ತುತ್ತೇನೆ. ಒಎಸ್ ಅಪ್‌ಡೇಟ್ ಆದಾಗಲೆಲ್ಲ ಮೊದಲು ಡ್ರೈ ರನ್ ಓಡಿಸುತ್ತೇನೆ. ಈಗ ‘ಚೇಂಜ್ಡ್’ ಎಂದು ಬಂದ ಸಾಲುಗಳನ್ನಷ್ಟೇ ಓದಿದರೆ ಸಾಕಾಗುತ್ತದೆ.