ಕಲಬುರಗಿ ಕಡೆಯ ಶಾಲೆಗೆ ಹೊಸದಾಗಿ ಹೋಗುವ ಶಿಕ್ಷಕರಿಗೆ: ಮೊದಲ ಮೂರು ತಿಂಗಳು

ತುಮಕೂರು, ಹಾಸನ, ಮೈಸೂರು ಕಡೆಯವರಿಗೆ ಕಲಬುರಗಿ ಜಿಲ್ಲೆಯ ಸರ್ಕಾರಿ ಶಾಲೆಗೆ ಆದೇಶ ಬಂದರೆ ಮೊದಲು ದುಡ್ಡಿನ ಲೆಕ್ಕ ಹಾಕಿ. ಹೊಸ ನೇಮಕವಾದರೆ ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಪ್ರಾನ್ (ಪಿಂಚಣಿ ಖಾತೆ) ಸಂಖ್ಯೆ, ಎಚ್‌ಆರ್‌ಎಂಎಸ್ (ಸಂಬಳದ ತಂತ್ರಾಂಶ) ನೋಂದಣಿ ಎಲ್ಲ ಮುಗಿದ ಮೇಲೆಯೇ ಸಂಬಳ ಕೈಗೆ ಬರುವುದು. ವರ್ಗವಾಗಿ ಬಂದವರಿಗೆ ಹಳೆಯ ಕಚೇರಿಯ ಅಂತಿಮ ವೇತನ ಪ್ರಮಾಣಪತ್ರ, ಸೇವಾ ಪುಸ್ತಕ ತಲುಪಬೇಕು. ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಹೊರಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡುವ ಪ್ರತಿ ಕಾಗದದ ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಕಡತ ಕಳೆದುಹೋದಾಗ ನಿಮ್ಮ ಕೈಯಲ್ಲಿ ಉಳಿಯುವುದು ಅದೊಂದೇ.

ಮನೆ ನೋಡುವಾಗ ಮೇಲ್ಮಹಡಿ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾದ ಆರ್‌ಸಿಸಿ ತಾರಸಿ ರಾತ್ರಿಯಿಡೀ ಶಾಖ ಇಳಿಸುತ್ತದೆ. ಶಹಾಬಾದ್ ಕಲ್ಲು ಹಾಸಿದ ನೆಲಮಹಡಿ ತಂಪು. ಒಣ ಹವೆಯಾದ್ದರಿಂದ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ನೀರು ಕುಡಿಯುತ್ತದೆ. ಹಾಗಾಗಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ದೊಡ್ಡದು ಎಂದು ಬಾಡಿಗೆ ಮಾತಾಡುವ ಮೊದಲೇ ಕೇಳಿ.

ಇನ್ನು ಶಾಲೆ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಆರನೇ ತರಗತಿ ಎಂದ ಕೂಡಲೇ ಆರನೇ ತರಗತಿಯ ಮೊದಲ ಪಾಠ ತೆರೆಯುತ್ತಾರೆ. ಹಿಂದುಳಿದ ಶಾಲೆಯಲ್ಲಿ ಆ ತರಗತಿಯ ಕೆಲವು ಮಕ್ಕಳಿಗೆ ಎರಡನೇ ತರಗತಿಯ ಪಠ್ಯವೂ ಓದಲು ಬರುವುದಿಲ್ಲ. ಅವರು ಬೋರ್ಡು ನೋಡಿ ಅಂದವಾಗಿ ನಕಲು ಮಾಡುತ್ತಾರೆ, ನೋಟ್‌ಬುಕ್ ಪೂರ್ತಿ ತುಂಬಿರುತ್ತದೆ. ಅದನ್ನು ನೋಡಿ ಸಮಾಧಾನಪಟ್ಟುಕೊಂಡರೆ ವರ್ಷ ಹೋದಂತೆ.

ಮೊದಲ ವಾರ ಒಬ್ಬೊಬ್ಬ ಮಗುವನ್ನೂ ಪಕ್ಕಕ್ಕೆ ಕೂರಿಸಿಕೊಂಡು ಐದು ನಿಮಿಷ ಓದಿಸಿ. ದಿನಕ್ಕೆ ಹತ್ತು ಮಕ್ಕಳಂತೆ ನಲವತ್ತು ಮಕ್ಕಳಿಗೆ ನಾಲ್ಕು ದಿನ. ಒಂದು ಹಾಳೆಯಲ್ಲಿ ಹತ್ತು ಅಕ್ಷರ, ಕಾಗುಣಿತವಿಲ್ಲದ ಹತ್ತು ಪದ (ಸರ, ಅಗಸ, ಗರಗಸ), ಕಾಗುಣಿತದ ಹತ್ತು ಪದ, ಒತ್ತಕ್ಷರದ ಐದು ಪದ, ನಾಲ್ಕು ವಾಕ್ಯದ ಪ್ಯಾರಾ. ಪಠ್ಯಪುಸ್ತಕದ ಸಾಲು ಕೊಡಬೇಡಿ, ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಬೆರಳು ಎರಡನೇ ಸಾಲಿನಲ್ಲಿ, ಬಾಯಿ ಮೂರನೇ ಸಾಲಿನಲ್ಲಿ ಇದ್ದರೆ ಆ ಮಗು ಓದುತ್ತಿಲ್ಲ. ‘ಮನೆ’ ಎಂದಿರುವುದನ್ನು ‘ಮನಿ’ ಎಂದರೆ ಸರಿ ಎಂದೇ ಗುರುತು ಹಾಕಿ. ಅದು ಊರಿನ ಉಚ್ಚಾರ. ಅಲ್ಲಿ ತಿದ್ದಲು ಹೋದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಆಮೇಲೆ ತೆರೆಸುವುದು ಬಹಳ ಕಷ್ಟ.

ಎಲ್ಲಿ ನಿಂತರೋ ಅಲ್ಲಿಗೆ ಗುಂಪು ಮಾಡಿ: ಅಕ್ಷರ, ಪದ, ಕಾಗುಣಿತ-ಒತ್ತಕ್ಷರ, ಪ್ಯಾರಾ. ಅಕ್ಷರದ ಗುಂಪಿಗೆ ವರ್ಣಮಾಲೆಯ ಕ್ರಮ ಬೇಡ. ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಯ ಕೆಳ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ಇರುವಂತೆ ರ, ಗ, ಸ, ದ, ಅ ಇವುಗಳಿಂದ ಶುರುಮಾಡಿದರೆ ಐದೇ ಅಕ್ಷರಕ್ಕೆ ಪದಗಳು ಸಿಗುತ್ತವೆ, ‘ನನಗೂ ಓದಲು ಬರುತ್ತದೆ’ ಎಂಬ ಧೈರ್ಯ ಮೊದಲ ವಾರದಲ್ಲೇ ಬರುತ್ತದೆ. ದಿನಕ್ಕೊಂದು ಪಿರಿಯಡ್ ಇದಕ್ಕೇ ಮೀಸಲಿಡಿ, ಆದಷ್ಟು ಎರಡನೆಯದು. ಮೊದಲನೆಯದಕ್ಕೆ ತಮ್ಮ-ತಂಗಿಯರನ್ನು ನೋಡಿಕೊಂಡು ಬರುವ ಹುಡುಗಿಯರು ತಡವಾಗಿರುತ್ತಾರೆ, ಬಿಸಿಯೂಟದ ನಂತರ ಕೆಲವರು ಮನೆಗೆ ಹೋಗಿರುತ್ತಾರೆ. ಎಫ್‌ಎ-1 (ವರ್ಷದ ಮೊದಲ ರೂಪಣಾತ್ಮಕ ಮೌಲ್ಯಮಾಪನ) ಹತ್ತಿರ ಬಂದಾಗ ಪಾಠ ಮುಗಿಸುವ ಒತ್ತಡದಲ್ಲಿ ಮೊದಲು ಕತ್ತರಿ ಬೀಳುವುದು ಈ ಪಿರಿಯಡ್‌ಗೆ. ಆದ್ದರಿಂದ ಜೂನ್‌ನಲ್ಲೇ ಮುಖ್ಯಗುರುಗಳ ಒಪ್ಪಿಗೆ ಪಡೆದು ವೇಳಾಪಟ್ಟಿಯಲ್ಲಿ ಬರೆಸಿಬಿಡಿ.

ತಾಂಡಾ ಶಾಲೆಯಾದರೆ ಒಂದನೇ ತರಗತಿಯ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ನಿಮ್ಮ ಕನ್ನಡ ಅದಕ್ಕೆ ಹೊಸದು. ಯಾಡಿ (ತಾಯಿ), ಪಾಣಿ (ನೀರು), ಬಾಟಿ (ರೊಟ್ಟಿ) ಇಂಥ ಮೂವತ್ತು ಪದ ನೀವೇ ಕಲಿಯಿರಿ. ಎರಡೂ ಭಾಷೆ ಬರುವ ಐದನೇ ತರಗತಿಯ ಒಬ್ಬರನ್ನು ನಿಮ್ಮ ಮಾತು ತಿಳಿಸಲು ಮೊದಲ ಕೆಲವು ವಾರ ಜೊತೆಗಿಟ್ಟುಕೊಳ್ಳಿ, ಆದರೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಆ ಮಗುವಿನ ಪಾಠವೂ ಮುಖ್ಯ.

ಹಾಜರಾತಿಯನ್ನು ಬೇಸಾಯದ ಲೆಕ್ಕದಲ್ಲಿ ಓದಿ. ಹತ್ತಿ ಬಿಡಿಸುವಾಗ, ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ಮಾಡುವಾಗ ಬೆಂಚುಗಳು ಖಾಲಿಯಾಗುತ್ತವೆ. ದಸರೆ, ದೀಪಾವಳಿ ಕಳೆದ ಮೇಲೆ ಕೆಲವು ಮನೆಗಳವರು ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹೋದ ಮೇಲೆ ಹುಡುಕಿದರೆ ಫೋನೂ ಸಿಗುವುದಿಲ್ಲ. ಆಗಸ್ಟ್ ಒಳಗೇ ಸಂಜೆ ಹೊತ್ತು ಮನೆಮನೆಗೆ ಹೋಗಿ: ಯಾರು ಹೋಗುತ್ತಾರೆ, ಯಾವ ಊರಿಗೆ, ಅಜ್ಜಿ ಊರಲ್ಲೇ ಇರುತ್ತಾರಾ, ಮಗು ಅವರ ಹತ್ತಿರ ಉಳಿಯಬಹುದಾ. ಉಳಿಯಲು ದಾರಿ ಇಲ್ಲದ ಮಕ್ಕಳ ಪಟ್ಟಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿಟ್ಟು, ವಲಸೆ ಮಕ್ಕಳ ಋತುಮಾನ ವಸತಿ ವ್ಯವಸ್ಥೆ ಇದೆಯೇ ಎಂದು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ ಕಚೇರಿಗೆ ಸೆಪ್ಟೆಂಬರ್‌ನಲ್ಲೇ ಲಿಖಿತವಾಗಿ ಕೇಳಿ. ಹೊರಟೇಬಿಡುವ ಮಗುವಿನ ಕೈಗೆ ಅದರ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆ, ನಿಮ್ಮ ಫೋನ್ ನಂಬರ್, ಅದು ಯಾವ ಗುಂಪಿನಲ್ಲಿ ಓದುತ್ತಿತ್ತು ಎಂಬುದನ್ನು ಬರೆದ ಚೀಟಿ ಕೊಡಿ. ರಾಜ್ಯದೊಳಗೆ ಬೇರೆ ಶಾಲೆ ಸೇರಿದರೆ ಆ ಸಂಖ್ಯೆಯಿಂದಲೇ ದಾಖಲೆ ಹುಡುಕಬಹುದು, ಅಲ್ಲಿಯ ಶಿಕ್ಷಕರು ಮತ್ತೆ ‘ಅ’ದಿಂದ ಶುರುಮಾಡಬೇಕಾಗಿಲ್ಲ.