ಫೈಟರ್‌ಗೆ ಬೇಟೆಯ ಬುದ್ಧಿ: ನಿಮ್ಮದೇ ಸಬ್‌ಕ್ಲಾಸ್ ಕಟ್ಟುವುದು ಹೇಗೆ?

ಹುಲಿ ದಿನವಿಡೀ ಘರ್ಜಿಸುತ್ತಾ ತಿರುಗುವುದಿಲ್ಲ. ಹುಲ್ಲಿನ ಮರೆಯಲ್ಲಿ ಮೈ ತಗ್ಗಿಸಿ ಕೂರುತ್ತದೆ. ಕಾಯುತ್ತದೆ. ಒಂದು ಹೆಜ್ಜೆ ಇಟ್ಟು ಮತ್ತೆ ಕಾಯುತ್ತದೆ. ಹಿಂಡಿನಲ್ಲಿ ಒಂದು ಜಿಂಕೆಯನ್ನು ಆರಿಸಿಕೊಂಡು ಅದರ ಮೇಲೆ ಕಣ್ಣು ನೆಡುತ್ತದೆ. ಇಷ್ಟೆಲ್ಲ ಮಾಡಿದರೂ ಹೆಚ್ಚಿನ ಸಲ ಬೇಟೆ ಕೈತಪ್ಪುತ್ತದೆ.

ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಬೇಟೆಯಾಡುವ ಪ್ರಾಣಿಯಂಥ ಫೈಟರ್ (ಆಯುಧ ಹಿಡಿದು ಕಾದಾಡುವ ಪಾತ್ರ) ಮಾಡಲು ಹೊರಟವರು ಈ ಕಾಯುವಿಕೆಯನ್ನು ಬಿಟ್ಟು ಸೀದಾ ಉಗುರು, ಕೋರೆಹಲ್ಲು ಬರೆಯಲು ಕೂರುತ್ತಾರೆ. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ. ಪ್ರತಿ ಪೆಟ್ಟಿಗೂ ಜಾಸ್ತಿ ಡ್ಯಾಮೇಜ್, ಜಾಸ್ತಿ ವೇಗ, ಕತ್ತಲಲ್ಲೂ ಕಾಣುವ ಕಣ್ಣು. ಆಡಿ ನೋಡಿದಾಗ ಅದು ಬಲವಾಗಿತ್ತು, ಆದರೆ ಬೇಟೆಯ ಹಾಗೆ ಅನ್ನಿಸಲೇ ಇಲ್ಲ. ಯಾಕೆಂದರೆ ಆಡುವವನು ಏನನ್ನೂ ಆರಿಸಬೇಕಾಗಿರಲಿಲ್ಲ. ಬೇಟೆ ಅಂದರೆ ಮೊದಲು ಆಯ್ಕೆ. ಇದೊಂದನ್ನು ಹಿಡಿದುಕೊಂಡು ಶುರು ಮಾಡಿದರೆ ಉಳಿದದ್ದು ತಾನಾಗಿ ಜಾಗಕ್ಕೆ ಬರುತ್ತದೆ.

ಹೊಸಬರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಿದ್ದು 1974ರಲ್ಲಿ. ಇಂದು ಹೆಚ್ಚು ಆಡುವ ಐದನೇ ಆವೃತ್ತಿ 2014ರಲ್ಲಿ ಬಂತು, 2024ರಲ್ಲಿ ಪರಿಷ್ಕಾರವಾಯಿತು. ಪುಸ್ತಕದಲ್ಲಿ ಇಲ್ಲದ ನಿಯಮವನ್ನು ಆಟಗಾರರೇ ಬರೆದುಕೊಂಡರೆ ಅದಕ್ಕೆ ಹೋಮ್‌ಬ್ರೂ ಅನ್ನುತ್ತಾರೆ. ಸಬ್‌ಕ್ಲಾಸ್ ಅಂದರೆ ಒಂದು ಕ್ಲಾಸಿನೊಳಗೆ, ಅಂದರೆ ಫೈಟರ್‌ನಂಥ ಒಂದು ಪಾತ್ರದ ಬಗೆಯೊಳಗೆ, ನೀವು ಹಿಡಿಯುವ ದಾರಿ. ಲೆವೆಲ್ ಅಂದರೆ ಆಡುತ್ತಾ ಪಾತ್ರ ಏರುವ ಮೆಟ್ಟಿಲು.

ಮೊದಲು ಖಾಲಿ ಚೌಕಟ್ಟು ನೋಡಿ

ಒಂದು ಹಾಳೆ ತೆಗೆದುಕೊಂಡು 3, 7, 10, 15, 18 ಎಂದು ಬರೆಯಿರಿ. ಫೈಟರ್‌ಗೆ ಸಬ್‌ಕ್ಲಾಸಿನಿಂದ ಹೊಸ ಶಕ್ತಿ ಸಿಗುವುದು ಈ ಐದು ಲೆವೆಲ್‌ಗಳಲ್ಲಿ ಮಾತ್ರ. ಪಕ್ಕದಲ್ಲಿ ಫೈಟರ್ ಬಳಿ ಈಗಾಗಲೇ ಇರುವುದನ್ನೂ ಬರೆಯಿರಿ. ಎರಡನೇ ಲೆವೆಲ್‌ಗೆ ಆ್ಯಕ್ಷನ್ ಸರ್ಜ್ ಬರುತ್ತದೆ, ಅಂದರೆ ಒಂದೇ ಸರದಿಯಲ್ಲಿ ಇನ್ನೊಂದು ಆ್ಯಕ್ಷನ್. ಐದಕ್ಕೆ ಎರಡು ಪೆಟ್ಟು, ಹನ್ನೊಂದಕ್ಕೆ ಮೂರು, ಇಪ್ಪತ್ತಕ್ಕೆ ನಾಲ್ಕು.

ಈ ಪೆಟ್ಟುಗಳ ಎಣಿಕೆಯೇ ಫೈಟರ್ ಸಬ್‌ಕ್ಲಾಸಿನ ಗುಟ್ಟು. "ಪ್ರತಿ ಪೆಟ್ಟಿಗೂ 1ಡಿ6 ಜಾಸ್ತಿ" (1ಡಿ6 ಅಂದರೆ ಆರು ಮುಖದ ಒಂದು ದಾಳ) ಎಂದು ಬರೆದರೆ ಮೂರನೇ ಲೆವೆಲ್‌ನಲ್ಲಿ ಅದು ಸರಾಸರಿ ಮೂರೂವರೆ. ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಹನ್ನೊಂದನೇ ಲೆವೆಲ್‌ನಲ್ಲಿ ಆ್ಯಕ್ಷನ್ ಸರ್ಜ್ ಸೇರಿ ಒಂದು ಸರದಿಗೆ ಆರು ಪೆಟ್ಟು. ಎಲ್ಲವೂ ತಾಗಿದರೆ 21 ಡ್ಯಾಮೇಜ್ ಪುಕ್ಕಟೆ ಬಂದಂತೆ. ನನ್ನ ಮೊದಲ ಕರಡಿನಲ್ಲಿ ಇದೇ ಸಾಲಿತ್ತು. ನಮ್ಮ ಡಿಎಂ (ಆಟ ನಡೆಸುವವರು) ಒಂದು ವಾರ ಕೂತು ಸಿದ್ಧಪಡಿಸಿದ ರಾಕ್ಷಸ ತನ್ನ ಮೊದಲ ಸರದಿಗೆ ಮುಂಚೆಯೇ ನೆಲಕ್ಕೆ ಬಿತ್ತು. ಮೇಜಿನ ಸುತ್ತ ಯಾರೂ ಖುಷಿಪಡಲಿಲ್ಲ. ಅವತ್ತಿನಿಂದ "ಪ್ರತಿ ಪೆಟ್ಟಿಗೂ" ಎನ್ನುವ ಮಾತನ್ನು ನಾನು ಫೈಟರ್ ಹತ್ತಿರ ತರುವುದಿಲ್ಲ.

ಬದಲಿಗೆ ಬರೆಯಬೇಕಾದ್ದು "ಒಂದು ಸರದಿಗೆ ಒಂದು ಸಲ". ಇಲ್ಲೂ ಒಂದು ಸೂಕ್ಷ್ಮ ಇದೆ. "ಸರದಿಗೆ ಒಂದು ಸಲ" ಅಂದರೆ ಬೇರೆಯವರ ಸರದಿಯಲ್ಲಿ ನೀವು ರಿಯಾಕ್ಷನ್‌ನಿಂದ (ಬೇರೆಯವರ ನಡೆಗೆ ಥಟ್ಟನೆ ಕೊಡುವ ಉತ್ತರ) ಹೊಡೆದಾಗಲೂ ಅದು ಸಿಗುತ್ತದೆ. "ನಿಮ್ಮ ಸರದಿಯಲ್ಲಿ ಒಂದು ಸಲ" ಅಂದರೆ ಸಿಗುವುದಿಲ್ಲ. ಒಂದೇ ಪದದ ವ್ಯತ್ಯಾಸ. ತಪ್ಪಿಸಿಕೊಂಡು ಓಡುವ ಮಿಕಕ್ಕೆ ಬೆನ್ನ ಮೇಲೆ ಬಾರಿಸುವುದು ಬೇಟೆಯ ಸ್ವಭಾವಕ್ಕೆ ಒಪ್ಪುತ್ತದೆ. ಹಾಗಾಗಿ ನಾನು ಮೊದಲನೆಯದನ್ನೇ ಇಟ್ಟುಕೊಂಡೆ.

ಮೂರನೇ ಲೆವೆಲ್: ಮಿಕ

ನನ್ನ ಸಬ್‌ಕ್ಲಾಸಿನ ಹೆಸರು ಹೊಂಚುಗಾರ. ಅದರ ಹೃದಯ ಈ ಒಂದು ನಿಯಮ (ಬೋನಸ್ ಆ್ಯಕ್ಷನ್ ಅಂದರೆ ಸರದಿಯಲ್ಲಿ ಆ್ಯಕ್ಷನ್ ಜೊತೆಗೆ ಮಾಡಬಹುದಾದ ಒಂದು ಚಿಕ್ಕ ಕೆಲಸ; ಶಾರ್ಟ್ ರೆಸ್ಟ್, ಲಾಂಗ್ ರೆಸ್ಟ್ ಅಂದರೆ ಪಾತ್ರದ ಚಿಕ್ಕ ಮತ್ತು ದೊಡ್ಡ ವಿಶ್ರಾಂತಿ):

"ಬೋನಸ್ ಆ್ಯಕ್ಷನ್ ಬಳಸಿ, 60 ಅಡಿಯೊಳಗೆ ನಿಮಗೆ ಕಾಣುವ ಒಂದು ಜೀವಿಯನ್ನು ಮಿಕವಾಗಿ ಆರಿಸಿಕೊಳ್ಳಿ. ಒಂದು ಸರದಿಗೆ ಒಂದು ಸಲ, ಆಯುಧದಿಂದ ಆ ಮಿಕಕ್ಕೆ ಪೆಟ್ಟು ತಾಗಿದರೆ 1ಡಿ6 ಹೆಚ್ಚುವರಿ ಡ್ಯಾಮೇಜ್. ಒಂದು ನಿಮಿಷ ಕಳೆಯುವವರೆಗೆ, ಅಥವಾ ಮಿಕ ಸಾಯುವವರೆಗೆ, ಇನ್ನೊಂದು ಮಿಕವನ್ನು ಆರಿಸುವಂತಿಲ್ಲ. ಇದನ್ನು ಎರಡು ಸಲ ಬಳಸಬಹುದು. ಶಾರ್ಟ್ ರೆಸ್ಟ್ ಅಥವಾ ಲಾಂಗ್ ರೆಸ್ಟ್ ಆದ ಮೇಲೆ ಎರಡೂ ವಾಪಸ್ ಬರುತ್ತವೆ."

ಇನ್ನೊಂದು ಮಿಕವನ್ನು ಆರಿಸುವಂತಿಲ್ಲ ಎನ್ನುವ ಆ ನಿರ್ಬಂಧವನ್ನು ದಯವಿಟ್ಟು ತೆಗೆಯಬೇಡಿ. ಅದು ಶಿಕ್ಷೆಯ ಹಾಗೆ ಕಾಣುತ್ತದೆ, ಆದರೆ ಆಟದ ರುಚಿ ಇರುವುದೇ ಅಲ್ಲಿ. ಮುಂದೆ ನಿಂತ ಗುರಾಣಿಯವನನ್ನು ಆರಿಸಲೇ? ಹಿಂದೆ ಅಡಗಿ ಮಂತ್ರ ಹೇಳುತ್ತಿರುವವನನ್ನೇ? ಒಮ್ಮೆ ಕಣ್ಣು ನೆಟ್ಟರೆ ಮುಗಿಯಿತು. ಆರಿಸುವ ಮುಂಚೆ ಆಟಗಾರ ಎರಡು ಕ್ಷಣ ಸುಮ್ಮನಾಗುತ್ತಾನೆ, ಮೇಜಿನ ಮೇಲಿನ ನಕ್ಷೆಯನ್ನು ಪೂರ್ತಿ ನೋಡುತ್ತಾನೆ. ಹೊಂಚು ಹಾಕುವುದು ಅಂದರೆ ಅದೇ.

ಈಗ ತೂಕ ನೋಡೋಣ. ಪುಸ್ತಕದಲ್ಲೇ ಇರುವ ಬ್ಯಾಟಲ್ ಮಾಸ್ಟರ್ ಎನ್ನುವ ಸಬ್‌ಕ್ಲಾಸ್ ಒಳ್ಳೆಯ ತಕ್ಕಡಿ. ಅವನಿಗೆ ಮೂರನೇ ಲೆವೆಲ್‌ನಲ್ಲಿ ನಾಲ್ಕು ಡಿ8 ದಾಳಗಳು ಸಿಗುತ್ತವೆ, ಶಾರ್ಟ್ ರೆಸ್ಟ್ ಆದರೆ ಮತ್ತೆ ತುಂಬುತ್ತವೆ. ದಿನಕ್ಕೆ ಎರಡು ಶಾರ್ಟ್ ರೆಸ್ಟ್ ಎಂದಿಟ್ಟುಕೊಂಡರೆ ಒಟ್ಟು ಹನ್ನೆರಡು ದಾಳ. ಒಂದರ ಸರಾಸರಿ ನಾಲ್ಕೂವರೆ, ಒಟ್ಟು 54 ಡ್ಯಾಮೇಜ್. ನಮ್ಮ ಹೊಂಚುಗಾರನಿಗೆ ಅದೇ ದಿನದಲ್ಲಿ ಆರು ಮಿಕ. ಒಂದೊಂದು ಕಾಳಗ ನಾಲ್ಕು ಸುತ್ತು ನಡೆದು, ಇಪ್ಪತ್ತರಲ್ಲಿ ಹದಿಮೂರು ಸಲ ಪೆಟ್ಟು ತಾಗುತ್ತದೆ ಅಂದುಕೊಳ್ಳಿ. ಸುತ್ತಿಗೆ ಸುಮಾರು 2.3, ಕಾಳಗಕ್ಕೆ ಸುಮಾರು 9, ಆರಕ್ಕೆ ಸುಮಾರು 54. ಸರಿಸಮ. ಆದರೆ ದಿನಕ್ಕೆ ಆರು ಕಾಳಗ ನಡೆಯುವ ಆಟ ಕಡಿಮೆ. ಬ್ಯಾಟಲ್ ಮಾಸ್ಟರ್ ತನ್ನ ದಾಳದ ಜೊತೆಗೆ ಶತ್ರುವನ್ನು ಬೀಳಿಸುವುದು, ಹೆದರಿಸುವುದು ಕೂಡ ಮಾಡಬಲ್ಲ. ಹಾಗಾಗಿ ನಾವು ಸ್ವಲ್ಪ ಕೆಳಗೇ ಇದ್ದೇವೆ. ಅದು ಒಳ್ಳೆಯದು. ಮುಂದಿನ ಲೆವೆಲ್‌ಗಳಿಗೆ ಜಾಗ ಉಳಿಯಿತು.

ದಾಳವನ್ನು ಹತ್ತನೇ ಲೆವೆಲ್‌ಗೆ ಡಿ8, ಹದಿನೆಂಟಕ್ಕೆ ಡಿ10 ಮಾಡಿ. ಅಷ್ಟು ಸಾಕು.

ಮೂರನೇ ಲೆವೆಲ್‌ನಲ್ಲೇ ಒಂದು ಪುಟ್ಟ ಕೊಡುಗೆಯನ್ನೂ ಸೇರಿಸಿ. ಸ್ಟೆಲ್ತ್ (ಸದ್ದಿಲ್ಲದೆ ಅಡಗುವುದು) ಅಥವಾ ಸರ್ವೈವಲ್ (ಕಾಡಿನಲ್ಲಿ ಜಾಡು ಹಿಡಿದು ಬದುಕುವುದು), ಎರಡರಲ್ಲಿ ಒಂದು ಸ್ಕಿಲ್. ಕಾಳಗ ಇಲ್ಲದ ದಿನವೂ ಹೊಂಚುಗಾರ ಹೊಂಚುಗಾರನೇ ಆಗಿರಬೇಕು.

ಏಳನೇ ಲೆವೆಲ್: ಹಾರುವುದೋ, ಹಿಡಿಯುವುದೋ

ಇಲ್ಲಿ ಪ್ರಾಣಿಗಳನ್ನೇ ಕೇಳಿ. ಚಿರತೆ ಮರೆಯಿಂದ ಹಾರಿ ಕೆಡವುತ್ತದೆ. ಮೊಸಳೆ ಕಚ್ಚಿ ಹಿಡಿದು ಬಿಡುವುದಿಲ್ಲ. ಆಟದ ಪುಸ್ತಕದ ಸಿಂಹಕ್ಕೂ 2014ರ ನಿಯಮದಲ್ಲಿ ಇಂಥದೇ ನೆಗೆತ ಇದೆ: 20 ಅಡಿ ನೇರ ಓಡಿ ಬಂದು ಉಗುರಿನ ಪೆಟ್ಟು ತಾಗಿಸಿದರೆ ಎದುರಾಳಿ ಸೇವಿಂಗ್ ಥ್ರೋ ಮಾಡಬೇಕು, ಅಂದರೆ ತಪ್ಪಿಸಿಕೊಳ್ಳಲು ದಾಳ ಉರುಳಿಸಬೇಕು, ಸೋತರೆ ಬೀಳುತ್ತಾನೆ. ಈ ಲೆಕ್ಕವನ್ನು ಹಾಗೇ ಎರವಲು ಪಡೆಯಬಹುದು. ಪುಸ್ತಕದಲ್ಲೇ ಇರುವ ಅಳತೆಯನ್ನು ಬಳಸಿದರೆ ಡಿಎಂಗೂ ನಂಬಿಕೆ ಬರುತ್ತದೆ.

ನಾನು ಎರಡನ್ನೂ ಬರೆದು, ಆಟಗಾರ ಒಂದನ್ನು ಆರಿಸಲಿ ಎಂದು ಬಿಟ್ಟೆ. ನೆಗೆತ ಆರಿಸಿದರೆ 20 ಅಡಿ ನೇರ ಸಾಗಿ ಬಂದು ಮಿಕಕ್ಕೆ ಹೊಡೆದಾಗ ಅದು ಸ್ಟ್ರೆಂತ್ (ಬಲ) ಸೇವ್‌ನಲ್ಲಿ ಸೋತರೆ ಬೀಳುತ್ತದೆ. ಹಿಡಿತ ಆರಿಸಿದರೆ ಅದೇ ಸೇವ್, ಆದರೆ ಸೋತ ಮಿಕದ ವೇಗ ನಿಮ್ಮ ಮುಂದಿನ ಸರದಿ ಶುರುವಾಗುವ ತನಕ ಸೊನ್ನೆ. ಸೇವ್‌ನ ಗುರಿ ಎರಡಕ್ಕೂ ಒಂದೇ: 8, ಜೊತೆಗೆ ನಿಮ್ಮ ಪ್ರೊಫಿಶಿಯೆನ್ಸಿ ಬೋನಸ್ (ಲೆವೆಲ್ ಏರಿದಂತೆ ಬೆಳೆಯುವ ಅಂಕ), ಜೊತೆಗೆ ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿಯ (ಚುರುಕುತನ) ಮಾಡಿಫೈಯರ್. ಎರಡನ್ನೂ ಸರದಿಗೆ ಒಂದೇ ಸಲ ಬಳಸಬಹುದು. ನಿಮಗಿಂತ ಒಂದು ಗಾತ್ರ ದೊಡ್ಡದಿರುವ ಜೀವಿಯವರೆಗೆ ಮಾತ್ರ. ಡ್ರಾಗನ್ನನ್ನು ಬೆಕ್ಕಿನ ಮರಿಯಂತೆ ಉರುಳಿಸುವುದು ನೋಡಲು ಚೆನ್ನ, ಆದರೆ ನಾಲ್ಕನೇ ಸಲಕ್ಕೆ ಬೇಜಾರು.

ಯಾಕೆ ಆಯ್ಕೆ ಕೊಡಬೇಕು? ಬಿದ್ದವನಿಗೆ 5 ಅಡಿಯೊಳಗಿಂದ ಹೊಡೆದರೆ ಅಡ್ವಾಂಟೇಜ್ ಸಿಗುತ್ತದೆ, ಅಂದರೆ ಎರಡು ಡಿ20 ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆದರೆ ದೂರದಿಂದ ಬಾಣ ಬಿಡುವ ಗೆಳೆಯನಿಗೆ ಅದೇ ಕಾರಣಕ್ಕೆ ಡಿಸ್ಅಡ್ವಾಂಟೇಜ್! ನಿಮ್ಮ ಗುಂಪಿನಲ್ಲಿ ಬಿಲ್ಲಿನವರು ಜಾಸ್ತಿ ಇದ್ದರೆ ನೆಗೆತ ಅವರಿಗೆ ಹೊರೆ, ಹಿಡಿತವೇ ವಾಸಿ. ಕತ್ತಿ ಹಿಡಿದವರ ಗುಂಪಾದರೆ ನೆಗೆತ. ಇಂಥ ಆಯ್ಕೆಯಿಂದ ಆಟಗಾರ ತನ್ನ ಪಕ್ಕದಲ್ಲಿ ಕೂತವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ.

ಹತ್ತನೇ ಲೆವೆಲ್: ಹಿಂಡು

ಬೇಟೆಯ ಪಾತ್ರದ ದೊಡ್ಡ ಅಪಾಯ ಡ್ಯಾಮೇಜ್ ಅಲ್ಲ, ಒಂಟಿತನ. "ನನ್ನದು ಒಂಟಿ ತೋಳ" ಎಂದು ಹೇಳಿಕೊಂಡು ಒಬ್ಬನೇ ಕತ್ತಲಿಗೆ ನುಗ್ಗುವ ಆಟಗಾರನನ್ನು ನೀವೂ ನೋಡಿರುತ್ತೀರಿ. ಉಳಿದ ನಾಲ್ವರು ಅರ್ಧ ಗಂಟೆ ಸುಮ್ನೆ ಕೂತು ಅವನ ಸಾಹಸ ಕೇಳಬೇಕು. ನಿಜವಾದ ತೋಳ ಹಾಗಲ್ಲ. ಅದು ಹೆಚ್ಚಾಗಿ ಹಿಂಡಿನ ಜೊತೆ ಬೇಟೆಯಾಡುತ್ತದೆ. ಸೀಳುನಾಯಿಗಳೂ ಅಷ್ಟೇ, ಸೇರಿ ಅಟ್ಟಿಸಿಕೊಂಡು ಹೋಗಿ ತಮಗಿಂತ ಎಷ್ಟೋ ದೊಡ್ಡ ಪ್ರಾಣಿಯನ್ನು ಕೆಡವುತ್ತವೆ.

ಹಾಗಾಗಿ ಹತ್ತನೇ ಲೆವೆಲ್‌ನ ಶಕ್ತಿಯನ್ನು ಗೆಳೆಯರಿಗೇ ಕೊಡಿ. ನಿಮ್ಮ ಸರದಿಯಲ್ಲಿ ಮಿಕಕ್ಕೆ ಪೆಟ್ಟು ತಾಗಿದರೆ, ನಿಮ್ಮ ಮುಂದಿನ ಸರದಿಯೊಳಗೆ ನಿಮ್ಮ ಗುಂಪಿನ ಬೇರೊಬ್ಬರು ಆ ಮಿಕದ ಮೇಲೆ ಮಾಡುವ ಮೊದಲ ದಾಳಿಗೆ ಅಡ್ವಾಂಟೇಜ್. ನಾನು ಬರೆದ ಐದರಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಇದನ್ನು ಸೇರಿಸಿದ ಮೇಲೆ ನಮ್ಮ ಮೇಜಿನಲ್ಲಿ "ನಿನ್ನ ಮಿಕ ಯಾವುದು?" ಎಂದು ಎಲ್ಲರೂ ಕೇಳತೊಡಗಿದರು. ಇದೇ ಲೆವೆಲ್‌ನಲ್ಲಿ ಮಿಕದ ಬಳಕೆಯನ್ನು ಎರಡರಿಂದ ಮೂರಕ್ಕೆ ಏರಿಸಿ.

ಉಳಿದ ಎರಡು

ಹದಿನೈದಕ್ಕೆ ರಕ್ತದ ವಾಸನೆ. ಮಿಕದ ಹಿಟ್ ಪಾಯಿಂಟ್ (ಪ್ರಾಣದ ಅಂಕ) ಅರ್ಧಕ್ಕಿಂತ ಕೆಳಗಿಳಿದರೆ, 30 ಅಡಿಯೊಳಗೆ ಅದು ಎಲ್ಲಿ ಅಡಗಿದರೂ ನಿಮಗೆ ಗೊತ್ತಾಗುತ್ತದೆ, ಮತ್ತು ಅದರ ಮೇಲಿನ ನಿಮ್ಮ ಪೆಟ್ಟು 19 ಅಥವಾ 20 ಬಿದ್ದರೆ ಕ್ರಿಟಿಕಲ್, ಅಂದರೆ ಡ್ಯಾಮೇಜ್ ದಾಳಗಳು ಎರಡರಷ್ಟು. ಚಾಂಪಿಯನ್ ಸಬ್‌ಕ್ಲಾಸಿಗೆ 19ರ ಕ್ರಿಟಿಕಲ್ ಮೂರನೇ ಲೆವೆಲ್‌ನಲ್ಲೇ ಎಲ್ಲರ ಮೇಲೂ ಸಿಗುತ್ತದೆ, ಹದಿನೈದಕ್ಕೆ ಅದು 18ಕ್ಕೆ ಇಳಿಯುತ್ತದೆ. ಹಾಗಾಗಿ ನಾವು ಅವನ ಕೆಲಸ ಕಿತ್ತುಕೊಂಡಂತಾಗುವುದಿಲ್ಲ.

ಹದಿನೆಂಟಕ್ಕೆ ಮುಂದಿನ ಮಿಕ. ಮಿಕ ಸತ್ತ ಕ್ಷಣ ರಿಯಾಕ್ಷನ್ ಬಳಸಿ ಅರ್ಧ ವೇಗದಷ್ಟು ಸಾಗಿ, ಬಳಕೆ ಖರ್ಚಾಗದೆ ಹೊಸ ಮಿಕ ಆರಿಸಿ, ಅದಕ್ಕೊಂದು ಪೆಟ್ಟು ಹಾಕಬಹುದು. ರಿಯಾಕ್ಷನ್ ಸುತ್ತಿಗೆ ಒಂದೇ ಆದ್ದರಿಂದ ಇದು ಮಿತಿ ಮೀರುವುದಿಲ್ಲ.

ಈಗ ಆಡಿ ನೋಡಿ

ಕಾಗದದ ಲೆಕ್ಕ ಅರ್ಧ ಸತ್ಯ. ಮೂರು ಬಗೆಯ ಕಾಳಗ ಆಡಿಸಿ: ಒಂದೇ ದೊಡ್ಡ ರಾಕ್ಷಸ, ಹತ್ತು ಪುಟ್ಟ ಗಾಬ್ಲಿನ್‌ಗಳು, ಮತ್ತೆ ಕೈಗೆ ಸಿಗದೆ ಹಾರಾಡುವ ಶತ್ರು. ಒಂದೇ ರಾಕ್ಷಸನ ಎದುರು ಹೊಂಚುಗಾರ ಮಿಂಚಬೇಕು. ಗಾಬ್ಲಿನ್ ಹಿಂಡಿನ ಎದುರು ಅವನಿಗೆ ಕಷ್ಟವಾಗಬೇಕು, ಮಿಕ ಬೇಗ ಬೇಗ ಸತ್ತು ಬಳಕೆ ಮುಗಿದುಹೋಗಬೇಕು. ಮೂರರಲ್ಲೂ ಗೆದ್ದರೆ ಎಲ್ಲೋ ಜಾಸ್ತಿ ಕೊಟ್ಟಿದ್ದೀರಿ ಎಂದರ್ಥ. ಮೂರನೇ, ಏಳನೇ, ಹನ್ನೊಂದನೇ ಲೆವೆಲ್‌ನಲ್ಲಿ ಒಂದೊಂದು ಸಲ ಆಡಿದರೆ ಪೆಟ್ಟು ಹೆಚ್ಚಿದಂತೆ ಏನಾಗುತ್ತದೆ ಎಂಬುದೂ ತಿಳಿಯುತ್ತದೆ.

ಎರಡು ಕೈಯಲ್ಲಿ ಎರಡು ಆಯುಧ ಹಿಡಿಯುವವರನ್ನು ಮರೆಯಬೇಡಿ. ಅವರ ಎರಡನೇ ಕೈಯ ಪೆಟ್ಟಿಗೂ ಸಾಮಾನ್ಯವಾಗಿ ಬೋನಸ್ ಆ್ಯಕ್ಷನ್ ಬೇಕು, ಮಿಕ ಆರಿಸುವುದಕ್ಕೂ ಅದೇ ಬೇಕು. ಮೊದಲ ಸುತ್ತಿನಲ್ಲಿ ಎರಡರಲ್ಲಿ ಒಂದೇ ನಡೆಯುತ್ತದೆ. ನಾನು ಅದನ್ನು ಸರಿಪಡಿಸಲು ಹೋಗಲಿಲ್ಲ. ಕಾಯುವ ಒಂದು ಸುತ್ತು ಈ ಸಬ್‌ಕ್ಲಾಸಿಗೆ ಸರಿಯಾದ ಬೆಲೆ.

ಆಟ ಮುಗಿದ ಮೇಲೆ ಹೊಂಚುಗಾರನಾಗಿ ಆಡಿದವರಿಗಿಂತ ಮೊದಲು ಪಕ್ಕದಲ್ಲಿದ್ದವರನ್ನು ಮಾತಾಡಿಸಿ. ಅವರ ಸರದಿ ಬಂದಾಗ ಮಾಡಲು ಏನಾದರೂ ಉಳಿದಿತ್ತೇ ಎಂದು ಕೇಳಿ. "ಇಲ್ಲ" ಎಂದರೆ ಮೊದಲು ದಾಳದ ಗಾತ್ರ ಇಳಿಸಿ, ಆಮೇಲೆ ಬಳಕೆಯ ಎಣಿಕೆ. ಹಿಂಡಿನ ನಿಯಮಕ್ಕೆ ಮಾತ್ರ ಕೈ ಹಾಕಬೇಡಿ.