ಅರುವತ್ತು ದಾಟಿದರೆ ನಡುಗುವ ಅಂಬಾಸಿಡರ್

ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಷಟ್ಪಥವಾದ ಮೇಲೆ ಕಾಸರಗೋಡಿನ ಹಳೆಯ ಕಾರುಗಳ ಗುಟ್ಟು ಬಯಲಾಗತೊಡಗಿದೆ. ಹಿಂದೆಲ್ಲ ಹೊಂಡ ತಪ್ಪಿಸುವುದರಲ್ಲೇ ದಾರಿ ಸಾಗುತ್ತಿತ್ತು; ಕಾರು ನಡುಗಿದರೆ ರಸ್ತೆಯನ್ನು ಬೈದು ಸುಮ್ಮನಾಗಬಹುದಿತ್ತು. ಈಗ ರಸ್ತೆ ನುಣುಪಾಗಿದೆ, ನಡುಕ ಮಾತ್ರ ಹಾಗೆಯೇ ಇದೆ. ಮುಳ್ಳು 60 ದಾಟುತ್ತಲೇ ಕಾಲಡಿಯ ತಗಡು ಗುಂಯ್ಗುಡುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತದೆ.

ಗ್ಯಾರೇಜಿಗೆ ಒಯ್ದರೆ ಹೆಚ್ಚಾಗಿ ಸಿಗುವ ಉತ್ತರ ‘ಕ್ರಾಸ್ ಹೋಗಿದೆ’ ಎಂಬುದು. ಕ್ರಾಸ್ ಬದಲಾಗುತ್ತದೆ, ನಡುಕ ಹೋಗುವುದಿಲ್ಲ. ಆಮೇಲೆ ಟಯರು, ಆಮೇಲೆ ಗೇರ್‌ಬಾಕ್ಸ್ ಮೌಂಟಿಂಗು. ಹೀಗೆ ಒಂದೊಂದೇ ಭಾಗ ಬದಲಿಸುತ್ತ ಹೋಗುವುದು ದುಡ್ಡಿದ್ದವರ ದಾರಿ. ತಿರುಗುವ ಯಾವ ಭಾಗದಿಂದ ನಡುಕ ಹುಟ್ಟುತ್ತಿದೆ ಎಂದು ಮೊದಲು ಪತ್ತೆಹಚ್ಚುವುದಕ್ಕೆ ಅರ್ಧ ದಿನವೂ ಒಂದು ಪೆನ್ಸಿಲ್ಲೂ ಸಾಕು.

ಇಲ್ಲಿ ಹೇಳುತ್ತಿರುವುದು ಎಂಜಿನ್ ಮುಂದಿದ್ದು ಹಿಂದಿನ ಚಕ್ರ ಓಡುವ ಗಾಡಿಗಳ ಮಾತು: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಬದಿಯಡ್ಕ-ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಮಹೀಂದ್ರ ಜೀಪುಗಳು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ವರೆಗೆ ಕಾರಿನಡಿಯಲ್ಲಿ ತಿರುಗುವ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಅದರ ಎರಡೂ ತುದಿಯ ಜಾಯಿಂಟಿನಲ್ಲಿ ಒಂದೊಂದು ಕ್ರಾಸ್, ಎಂದರೆ ಕೂಡುಗುರುತಿನ ಆಕಾರದ ನಾಲ್ಕು ಕಾಲಿನ ಉಕ್ಕಿನ ತುಂಡು, ಇರುತ್ತದೆ.

ಮೊದಲು ನೀರು, ಆಮೇಲೆ ರಸ್ತೆ

ಕಾರನ್ನು ತೊಳೆಯಿರಿ, ಮುಖ್ಯವಾಗಿ ರಿಮ್ಮಿನ ಒಳಮೈಯನ್ನು. ಆಟಿಯ ಮಳೆಯಲ್ಲಿ ಮುರಕಲ್ಲಿನ ಅಂಗಳದಲ್ಲಿ ಓಡಾಡಿದ ಗಾಡಿಯ ರಿಮ್ಮಿನೊಳಗೆ ಕೆಮ್ಮಣ್ಣು ಒಂದೇ ಕಡೆ ಅಂಟಿ ಒಣಗಿರುತ್ತದೆ. ಚಕ್ರದ ತೂಕ ಏರುಪೇರಾಗಲು ಅಷ್ಟು ಸಾಕು. ಟಯರಿನ ಗಾಳಿ ಸರಿಮಾಡಿ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಟಯರು ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗಿರುತ್ತದೆ. ಸ್ವಲ್ಪ ದೂರ ಓಡಿ ಬಿಸಿಯಾದ ಮೇಲಷ್ಟೇ ಪರೀಕ್ಷೆಗೆ ಇಳಿಯಬೇಕು.

ವಾಹನ ಕಡಿಮೆಯಿರುವ ಬೆಳಗಿನ ಹೊತ್ತು ಹೊರಡಿ. ಬರೆದುಕೊಳ್ಳಲು ಪಕ್ಕದಲ್ಲಿ ಒಬ್ಬರು ಇರಲಿ, ಓಡಿಸುವವರ ಕೈ ಸ್ಟಿಯರಿಂಗಿನಲ್ಲೇ ಇರಲಿ. ಟಾಪ್ ಗೇರಿನಲ್ಲಿ ವೇಗವನ್ನು ಐದೈದು ಕಿಲೋಮೀಟರಿನಂತೆ ಏರಿಸುತ್ತ, ನಡುಕ ಎಲ್ಲಿ ಶುರುವಾಗುತ್ತದೆ, ಎಲ್ಲಿ ಜೋರಾಗುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಬರೆಸಿಕೊಳ್ಳಿ. ಜೋರಾಗುವ ವೇಗದಲ್ಲಿ ನ್ಯೂಟ್ರಲ್ ಮಾಡಿ ಎಂಜಿನನ್ನು ಐಡಲ್‌ಗೆ ಇಳಿಯಲು ಬಿಡಿ, ಆದರೆ ಕೀಲಿ ತಿರುಗಿಸಿ ಆರಿಸಬೇಡಿ. ನಡುಕ ಮುಂದುವರಿದರೆ ಎಂಜಿನ್ ನಿರಪರಾಧಿ.

ಎರಡನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ನಾಲ್ಕು ಗೇರಿನ ಈ ಹಳೆಯ ಕಾರುಗಳಲ್ಲಿ ಟಾಪ್ ಗೇರೆಂದರೆ ನೇರ ಸಂಪರ್ಕ; ಎಂಜಿನ್ ಎಷ್ಟು ಸುತ್ತುತ್ತದೋ ಶಾಫ್ಟ್ ಕೂಡ ಅಷ್ಟೇ ಸುತ್ತುತ್ತದೆ. ಹಾಗಾಗಿ ಟಾಪಿನಲ್ಲಿ ಇಬ್ಬರಲ್ಲಿ ಕಳ್ಳ ಯಾರೆಂದು ತಿಳಿಯುವುದಿಲ್ಲ. ಅದೇ ವೇಗದಲ್ಲಿ ಮೂರನೇ ಗೇರಿಗೆ ಬನ್ನಿ. ಎಂಜಿನ್ ವೇಗ ಏರಿತು, ಶಾಫ್ಟಿನದು ಏರಲಿಲ್ಲ. ನಡುಕ ಮೊದಲಿನ ವೇಗದಲ್ಲೇ ಬಂದರೆ ಶಾಫ್ಟ್, ಆಕ್ಸಲ್ ಅಥವಾ ಚಕ್ರದ ದೋಷ. ಕಡಿಮೆ ವೇಗಕ್ಕೇ ಬಂದುಬಿಟ್ಟರೆ ಕ್ಲಚ್ಚು, ಫ್ಯಾನು, ಎಂಜಿನ್ ಮೌಂಟಿಂಗುಗಳ ಕಡೆ ನೋಡಬೇಕು.

ಇನ್ನು ಚಕ್ರವೋ ಶಾಫ್ಟೋ ಎಂಬ ಪ್ರಶ್ನೆಗೆ ಸ್ವಲ್ಪ ಲೆಕ್ಕ. ಅಂಬಾಸಿಡರಿನ 15 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಹೋಗುತ್ತದೆ. 60ರ ವೇಗದಲ್ಲಿ ಸೆಕೆಂಡಿಗೆ ಸುಮಾರು 8 ಸುತ್ತು. ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತು) 4.5 ಎಂದಿಟ್ಟುಕೊಂಡರೆ ಶಾಫ್ಟ್ ಅದೇ ಹೊತ್ತಿನಲ್ಲಿ 37 ಸುತ್ತು ತಿರುಗಿರುತ್ತದೆ. ಎಂಟರ ನಡುಕ ಸೀಟನ್ನೇ ಅಲುಗಿಸುತ್ತದೆ, ಮುಂದಿನ ಚಕ್ರದ್ದಾದರೆ ಸ್ಟಿಯರಿಂಗಿಗೂ ಬರುತ್ತದೆ. ಮೂವತ್ತೇಳರದ್ದು ಅಂಗಾಲಿಗೆ ಜುಮ್ಮೆನ್ನುವಂಥದ್ದು. ಅದರ ಇಮ್ಮಡಿ, ಎಂದರೆ ಎಪ್ಪತ್ತರ ಮೇಲಿನ ಗುಂಯ್ಕಾರ ಕೇಳಿದರೆ ಜಾಯಿಂಟಿನ ಕೋನವನ್ನು ಅನುಮಾನಿಸಿ. ಕಂಪನ ಅಳೆಯುವ ಉಚಿತ ಆ್ಯಪ್ ಹಾಕಿಕೊಂಡ ಮೊಬೈಲನ್ನು ನೆಲದ ನಡುವಿನ ಉಬ್ಬಿನ ಮೇಲೆ ಅಲುಗದಂತೆ ಅಂಟಿಸಿದರೆ ಅದೇ ಈ ಸಂಖ್ಯೆ ಹೇಳಿಬಿಡುತ್ತದೆ.

ಕಾರಿನಡಿಗೆ

ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾವ ಕಾರಣಕ್ಕೂ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಕೊಡಿ. ಮಣ್ಣಿನ ಅಂಗಳವಾದರೆ ಅದರ ಕೆಳಗೆ ದಪ್ಪ ಹಲಗೆ ಇರಲಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಸ್ಟ್ಯಾಂಡನ್ನು ಇಡಬೇಕಾದ್ದು ಆಕ್ಸಲ್ಲಿನಡಿಗೆ, ಬಾಡಿಯಡಿಗೆ ಅಲ್ಲ. ಆಕ್ಸಲ್ ಜೋತುಬಿದ್ದರೆ ಶಾಫ್ಟಿನ ಕೋನವೇ ಬದಲಾಗಿ, ಅಳತೆಯೆಲ್ಲ ಸುಳ್ಳಾಗುತ್ತದೆ.

ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಆಕ್ಸಲ್ ಕಡೆಯ ಫ್ಲ್ಯಾಂಜ್ (ಶಾಫ್ಟನ್ನು ಬೋಲ್ಟಿನಿಂದ ಬಿಗಿಯುವ ಬಿಲ್ಲೆ) ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಕ್ರಾಸಿನಲ್ಲಿ ಕಣ್ಣಿಗೆ ಕಾಣುವಷ್ಟು ಆಟ, ಎಂದರೆ ಸಡಿಲ, ಇದ್ದರೆ ಅದರ ಕಾಲ ಮುಗಿದಿದೆ. ಗೇರು ಹಾಕಿ ಕ್ಲಚ್ಚು ಬಿಟ್ಟಾಗ ಬರುವ ‘ಟಕ್’ ಶಬ್ದಕ್ಕೂ ಹೆಚ್ಚಾಗಿ ಇದೇ ಮೂಲ. ಆಟ ಕಾಣದಿದ್ದರೆ ಟಾರ್ಚ್ ಹಿಡಿದು, ಕ್ರಾಸಿನ ನಾಲ್ಕು ಕಾಲುಗಳಿಗೆ ತೊಡಿಸಿದ ಬೇರಿಂಗ್ ಕಪ್ಪುಗಳ ಸುತ್ತ ನೋಡಿ. ನಮ್ಮಲ್ಲಿ ಕಾರಿನಡಿ ಇಡೀ ಕೆಂಪಾಗಿಯೇ ಇರುವುದರಿಂದ ಇಲ್ಲಿ ಕಣ್ಣು ಮೋಸಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಮುರಕಲ್ಲಿನ ಧೂಳು ಪೂರ್ತಿ ಹೋಗುತ್ತದೆ. ನಾಲ್ಕು ದಿನ ಓಡಿಸಿದ ಮೇಲೆ ಸೀಲಿನ ಅಂಚಿನಿಂದ ಹೊರಕ್ಕೆ ಗೆರೆಗೆರೆಯಾಗಿ ಕಂದುಗೆಂಪು ಪುಡಿ ಮತ್ತೆ ಕಂಡರೆ ಅದು ತುಕ್ಕು. ಒಳಗೆ ಗ್ರೀಸಿಲ್ಲ, ಕಬ್ಬಿಣ ಕಬ್ಬಿಣವನ್ನು ಅರೆಯುತ್ತಿದೆ ಎಂದರ್ಥ. ನಿಧಾನ ಚಲಿಸುವಾಗ ಬರುವ ಚೀಂವ್ ಚೀಂವ್ ಸದ್ದಿಗೂ ಇದೇ ಕಾರಣ.

ಗೇರ್‌ಬಾಕ್ಸಿನ ಹಿಂದಿನ ಮೌಂಟಿಂಗ್ ರಬ್ಬರು, ಸ್ಪ್ರಿಂಗಿನ ಯು-ಬೋಲ್ಟುಗಳು, ಪಿನಿಯನ್ ಫ್ಲ್ಯಾಂಜಿನ (ಆಕ್ಸಲ್ ಕಡೆಯದರ) ಮೇಲೆ-ಕೆಳಗಿನ ಆಟ, ಎರಡು ತುಂಡಿನ ಶಾಫ್ಟಾದರೆ ನಡುವಿನ ಬೇರಿಂಗು, ಇವನ್ನೂ ಅಲ್ಲಾಡಿಸಿ ನೋಡಿ. ಶಾಫ್ಟ್ ಬಾಗಿದೆಯೇ ಎಂದು ತಿಳಿಯಲು ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿ; ಅರ್ಧ ಮಿಲಿಮೀಟರಿಗಿಂತ ಹೆಚ್ಚು ಓಲಾಡಿದರೆ ಸಂಶಯಪಡಬೇಕು.

ಕೋನದ ವಿಚಾರ ತುಸು ನಿಧಾನವಾಗಿ ಹೇಳಬೇಕಾದ್ದು. ಓರೆಯಾಗಿ ನಿಂತ ಕ್ರಾಸ್ ಜಾಯಿಂಟ್ ತಿರುಗುವಿಕೆಯನ್ನು ಒಂದೇ ಸಮನೆ ದಾಟಿಸುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗವಾಗಿಯೂ ಎರಡು ಬಾರಿ ನಿಧಾನವಾಗಿಯೂ ತಿರುಗಿಸುತ್ತದೆ. ಕೋನ 10 ಡಿಗ್ರಿಯಿದ್ದರೆ ಈ ಏರಿಳಿತ ಶೇಕಡ ಒಂದೂವರೆಯಷ್ಟು. 20 ಡಿಗ್ರಿಗೆ ಶೇಕಡ 6ನ್ನು ಮೀರುತ್ತದೆ. ಮುಂದಿನ ಜಾಯಿಂಟ್ ಮಾಡಿದ ಈ ಕಿತಾಪತಿಯನ್ನು ಹಿಂದಿನ ಜಾಯಿಂಟ್ ಸರಿದೂಗಿಸುತ್ತದೆ, ಆದರೆ ಎರಡು ಷರತ್ತುಗಳ ಮೇಲೆ: ಎರಡೂ ಕೋನ ಸಮನಾಗಿರಬೇಕು, ಶಾಫ್ಟಿನ ಎರಡು ತುದಿಯ ಯೋಕ್‌ಗಳು (ಕ್ರಾಸನ್ನು ಎರಡು ಕಿವಿಗಳಿಂದ ಹಿಡಿಯುವ ಕವೆಗಳು) ಒಂದೇ ಸಮತಲದಲ್ಲಿರಬೇಕು. ಶಾಫ್ಟಿನ ಉದ್ದ ಹಿಗ್ಗಿ ಕುಗ್ಗಲು ಬಿಡುವ ಜಾರುವ ಹಲ್ಲುಗಳ ಭಾಗವನ್ನು ಯಾರಾದರೂ ಗ್ರೀಸಿಗಾಗಿ ಬಿಚ್ಚಿ ಒಂದೇ ಒಂದು ಹಲ್ಲು ಆಚೀಚೆ ಕೂರಿಸಿದ್ದರೂ ಎರಡನೆಯ ಷರತ್ತು ಮುರಿಯಿತು. ಹೊಸ ಕ್ರಾಸ್ ಹಾಕಿದ ಮರುದಿನದಿಂದಲೇ ನಡುಕ ಶುರುವಾಗಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಎರಡೂ ಭಾಗಗಳ ಮೇಲೆ ಬಾಣದ ಗುರುತಿದ್ದರೆ ಅವು ಎದುರುಬದುರಾಗಿರಬೇಕು.

ಮೊದಲ ಷರತ್ತನ್ನು ಮುರಿಯುವವರು ಜೀಪಿನ ಮಾಲೀಕರೇ. ಅಡಿಕೆ ಮೂಟೆ, ಗೊಬ್ಬರ ಹೇರಲೆಂದು ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಜಾಸ್ತಿ ಹಾಕಿಸುತ್ತಾರೆ. ಖಾಲಿ ಜೀಪಿನ ಹಿಂಭಾಗ ಎತ್ತರವಾಗಿ ನಿಂತು ಕೋನ ಕೆಡುತ್ತದೆ. ಗಾಡಿ ನಿತ್ಯದ ಭಾರದಲ್ಲಿರುವಾಗ ಮೊಬೈಲಿನ ಮಟ್ಟದ ಮಾಪಕವನ್ನು ಗೇರ್‌ಬಾಕ್ಸಿನ ಫ್ಲ್ಯಾಂಜ್, ಶಾಫ್ಟ್, ಪಿನಿಯನ್ ಫ್ಲ್ಯಾಂಜ್‌ಗಳಿಗೆ ಹಿಡಿದು ಮೂರು ಅಳತೆ ತೆಗೆದುಕೊಳ್ಳಿ. ಮೊದಲ ಮತ್ತು ಕೊನೆಯ ಅಳತೆಗಳ ವ್ಯತ್ಯಾಸ 1 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ. ಮೀರಿದ್ದರೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಓರೆಯ ಪಟ್ಟಿ ಕೊಟ್ಟು ಸರಿಪಡಿಸಬಹುದು. ಹೆಚ್ಚುವರಿ ಪ್ಲೇಟು ತೆಗೆಸುವುದೇ ಮೇಲು ಎಂದು ನನ್ನ ಅಭಿಪ್ರಾಯ. ತೋಟದವರು ಒಪ್ಪುವುದಿಲ್ಲ ಎಂಬುದೂ ಗೊತ್ತು.

ಬಿಚ್ಚಿ ಹೊಸದಾಗಿಸುವುದು

ಬೋಲ್ಟಿಗೆ ಕೈ ಹಾಕುವ ಮೊದಲು ಫ್ಲ್ಯಾಂಜುಗಳ ಮೇಲೆ, ಹಲ್ಲುಗಳ ಜಾಗದಲ್ಲಿ ಪಂಚಿನಿಂದ ಗುರುತು ಮಾಡಿ. ಚಾಕ್‌ಪೀಸಿನ ಗುರುತು ಸೀಮೆಎಣ್ಣೆಯಲ್ಲಿ ಅಳಿಸಿಹೋಗುತ್ತದೆ. ಶಾಫ್ಟಿನ ಮುಂತುದಿ ಗೇರ್‌ಬಾಕ್ಸಿನೊಳಗೆ ಜಾರುವ ಮಾದರಿಯಾದರೆ ಹೊರಗೆಳೆದ ಕೂಡಲೇ ಎಣ್ಣೆ ಸುರಿಯುತ್ತದೆ; ಪ್ಲಾಸ್ಟಿಕ್ ತೊಟ್ಟೆ ಮತ್ತು ರಬ್ಬರ್ ಬ್ಯಾಂಡ್ ಕೈಯಲ್ಲಿರಲಿ.

ಲಾಕ್ ಕ್ಲಿಪ್ಪುಗಳನ್ನು ತೆಗೆದು ಶಾಫ್ಟನ್ನು ವೈಸಿಗೆ ಕೊಡಿ. ಒಂದು ಬದಿಗೆ ಕಪ್ಪಿಗಿಂತ ಸಣ್ಣ ಸಾಕೆಟ್, ಇನ್ನೊಂದು ಬದಿಗೆ ಕಪ್ ಒಳಗೆ ಇಳಿಯುವಷ್ಟು ದೊಡ್ಡ ಸಾಕೆಟ್ ಇಟ್ಟು ವೈಸ್ ಬಿಗಿದರೆ ಕಪ್ ತಾನೇ ಹೊರಬರುತ್ತದೆ. ಸುತ್ತಿಗೆಯಿಂದ ಯೋಕಿಗೆ ಬಡಿದರೆ ಅದರ ಕಿವಿ ಬಾಗುತ್ತದೆ, ಆಮೇಲೆ ಯಾವ ಹೊಸ ಕ್ರಾಸೂ ನೆಟ್ಟಗೆ ಕೂರದು. ಹಳೆಯ ಕ್ರಾಸಿನ ಕಾಲುಗಳ ಮೇಲೆ ಉಗುರು ಎಳೆದು ನೋಡಿ. ಸಾಲಾಗಿ ತಡೆಯುವ ಗೀರುಗಳು ಸಿಕ್ಕರೆ ಪಾಲಿಶ್ ಮಾಡಿ ಮತ್ತೆ ಹಾಕುವ ಆಸೆ ಬಿಡಿ.

ಹೊಸದನ್ನು ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರನ್ನು ನಂಬದೆ ಕಪ್ಪಿನ ವ್ಯಾಸ, ಕ್ರಾಸಿನ ಉದ್ದ ಎರಡನ್ನೂ ವರ್ನಿಯರಿನಲ್ಲಿ ಅಳೆದು ಹಳೆಯದರೊಂದಿಗೆ ಹೋಲಿಸಿ. ಕಪ್ಪಿನೊಳಗೆ ಅಗರಬತ್ತಿ ಕಡ್ಡಿಯ ತುಂಡಿನಂಥ ಉಕ್ಕಿನ ಸೂಜಿಗಳು ಸುತ್ತಲೂ ನಿಂತಿರುತ್ತವೆ. ಅವು ಬೀಳದಂತೆ ಹಿಡಿದಿಡುವುದು ಗ್ರೀಸ್ ಮಾತ್ರ. ಒತ್ತುವಾಗ ಒಂದು ಸೂಜಿ ಅಡ್ಡಬಿದ್ದು ಕಪ್ಪಿನ ತಳಕ್ಕೆ ಸೇರಿದರೆ ಕಪ್ ಪೂರ್ತಿ ಒಳಹೋಗುವುದಿಲ್ಲ, ಲಾಕ್ ಕೂರುವುದಿಲ್ಲ. ಇಂಥಲ್ಲಿ ಬಲವಂತ ಬೇಡ. ಕಪ್ ಹೊರತೆಗೆದು ಸೂಜಿ ನಿಲ್ಲಿಸಿ ಮತ್ತೆ ಒತ್ತಿ. ನಾಲ್ಕೂ ಲಾಕ್ ಕೂತ ಮೇಲೆ ಜಾಯಿಂಟ್ ಬಿಗಿಯೆನಿಸಿದರೆ ಯೋಕಿನ ಕಿವಿಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಡಿಲಗೊಳ್ಳುತ್ತದೆ. ಗ್ರೀಸ್ ನಿಪ್ಪಲ್ ಇರುವ ಮಾದರಿಯಾದರೆ ನಾಲ್ಕೂ ಸೀಲುಗಳಿಂದ ಗ್ರೀಸ್ ಹೊರಗಿಣುಕುವವರೆಗೆ ತುಂಬಿಸಿ.

ಕೊಳವೆಯ ಮೇಲೆ ಅಲ್ಲಲ್ಲಿ ವೆಲ್ಡ್ ಮಾಡಿದ ಪುಟ್ಟ ಕಬ್ಬಿಣದ ತುಂಡುಗಳಿರುತ್ತವೆ. ಬಣ್ಣ ಬಳಿಯುವ ಉತ್ಸಾಹದಲ್ಲಿ ಗ್ರೈಂಡರ್ ಹಿಡಿದು ಅವನ್ನು ಉಜ್ಜಿ ನುಣುಪು ಮಾಡಬೇಡಿ. ಕಾರ್ಖಾನೆಯಲ್ಲಿ ಸಮತೋಲಕ್ಕೆಂದು ಕೂರಿಸಿದ ತೂಕಗಳು ಅವು. ಮಳೆಗಾಲಕ್ಕೆ ಮುನ್ನ ಅಡಿಗೆ ಟಾರು ಹೊಡೆಸುವಾಗಲೂ ಶಾಫ್ಟಿಗೆ ಕಾಗದ ಸುತ್ತಿಸಿ. ಕೊಳವೆ ನೆಗ್ಗಿದ್ದರೆ ಲೇತಿನಲ್ಲಿ ಅದೇ ದಪ್ಪದ ಹೊಸ ಕೊಳವೆ ಹಾಕಿಸಿ, ಲಾರಿ-ಬಸ್ಸುಗಳ ಶಾಫ್ಟನ್ನು ಯಂತ್ರದಲ್ಲಿ ಬ್ಯಾಲೆನ್ಸ್ ಮಾಡುವವರಲ್ಲಿಗೆ ಕೊಂಡೊಯ್ಯಬೇಕು. ಸವೆದ ಹಲ್ಲುಗಳಿಗೆ ವೆಲ್ಡಿಂಗ್ ತುಂಬಿಸುವುದು ದುಡ್ಡು ದಂಡ.

ಬೋಲ್ಟುಗಳು ತಲೆಯ ಮೇಲೆ 8.8 ಅಥವಾ ಹೆಚ್ಚಿನ ಗುರುತಿರುವವೇ ಆಗಿರಲಿ, ಲಾಕ್ ನಟ್ ಹೊಸದಿರಲಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ನಂತರ ಅದೇ ರಸ್ತೆಯಲ್ಲಿ, ಟಯರಿಗೆ ಅಷ್ಟೇ ಗಾಳಿಯಿಟ್ಟು ಓಡಿಸಿ, ಹಳೆಯ ಚೀಟಿಯ ಪಕ್ಕದಲ್ಲೇ ಹೊಸ ಅಂಕೆ ಬರೆಯಿರಿ. 60ರಲ್ಲಿ ಸುಮ್ಮನಿದ್ದು 80ಕ್ಕೆ ಸಣ್ಣಗೆ ಜುಮ್ಮೆಂದರೆ ತೂಕದ ಏರುಪೇರು ಸ್ವಲ್ಪ ಉಳಿದಿದೆ. ವೇಗ ಇಮ್ಮಡಿಯಾದರೆ ಅದರ ಎಳೆತ ನಾಲ್ಕು ಪಟ್ಟಾಗುತ್ತದೆ. ಕೊಳವೆಯ ಹಿಂತುದಿಯಲ್ಲಿ ಸುತ್ತಲೂ ನಾಲ್ಕು ಗುರುತು ಮಾಡಿ, ನೀರಿನ ಪೈಪಿಗೆ ಹಾಕುವ ಕ್ಲಿಪ್ಪೊಂದನ್ನು ಬಿಗಿದು, ಅದರ ಸ್ಕ್ರೂ ಒಂದೊಂದು ಗುರುತಿಗೆ ಬರುವಂತೆ ತಿರುಗಿಸುತ್ತ ಪ್ರತಿ ಬಾರಿ ಓಡಿಸಿ ನೋಡಿ. ನಡುಕ ಅತಿ ಕಡಿಮೆಯಾದ ಜಾಗದಲ್ಲಿ ಕ್ಲಿಪ್ಪನ್ನು ಹಾಗೆಯೇ ಬಿಡಿ, ಬಾಲ ಉಳಿದರೆ ಕತ್ತರಿಸಿ.